ಆಯಿ ಇಲ್ಲದ ಒಡಪು

“ಅಯ್ಯ ನಮ್ಮವ್ವಾ, ನಾ ಇನ್ನೂ ಸತ್ತಿಲ್ಲಲ್ಲ!” ಎಂದು ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

ನಾನು ಆಗಷ್ಟೇ ಗೋಕಾಕದಿಂದ ಬಸ್ಸು ಹಿಡಿದು ಜಲಪಾತದ ಊರಾದ ಫಾಲ್ಸಿಗೆ ಬಂದು, ಅವರ ಚಾಳಿನ, ಅಂದರೆ ಗಿರಣಿಯ ಸಾಲುಮನೆಯ, ಕಟ್ಟೆಯ ಮೇಲೆ ಕುಳಿತು, ಎಂಟು ದಿನದಿಂದ ತಲೆಯಲ್ಲಿ ಮಸೆದಿಟ್ಟುಕೊಂಡಿದ್ದ ವಿಚಾರವನ್ನು ಬಿಚ್ಚಿದ್ದೆ. ನಾವು ಮಾರುವ ಒಡಪಿನ ಪಾಕೀಟಿನ ಮೇಲೆ ‘ಎಐ ಇಲ್ಲದ ಒಡಪು’ ಎಂದು ಅಚ್ಚು ಹಾಕಿಸೋಣ. ಅವರಿಗೆ ಕೇಳಿಸಿದ್ದು ‘ಏ, ಆಯಿ ಇಲ್ಲದ ಒಡಪು’. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತೇವೆ. ಚಾಳಿನ ಮಂದಿಯೆಲ್ಲ ಅವರನ್ನು ಕರೆಯುತ್ತಿದ್ದದ್ದೂ ಹಾಗೆಯೇ.

“ನೀವಲ್ರಿ ಆಯಿ. ಅದೊಂದು ಮಷೀನ ಇದ್ದಂಗ. ಫೋನಿನಾಗ ಇರ್ತೈತಿ. ಕೇಳಿದ್ರ ಒಡಪು ತಾನ ಬರದ ಕೊಡ್ತೈತಿ.”

“ಅದಕ್ಕೂ ಆಯಿ ಅಂತಾರೇನ?”

“ಎಐ.”

“ನಾನೂ ಅದನ್ನ ಅಂದ್ನೆಲ್ಲ!”

ಒಡಪು ಎಂದರೇನೆಂದು ತಿಳಿಯದವರಿಗೆ ಒಂದು ಮಾತು. ನಮ್ಮ ಸೀಮೆಯಲ್ಲಿ ಹೆಂಡತಿ ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಮದುವೆಯಾಗಿ ಬಂದ ದಿನ ನಾದಿನಿಯರು ಹೊಸ್ತಿಲಿಗೆ ಅಡ್ಡ ನಿಂತು “ಹೆಸರ ಹೇಳು, ಒಳಗ ಬಿಡ್ತೀವಿ” ಎಂದು ಕಾಡುತ್ತಾರೆ. ಆಕೆ ಎರಡು ಸಾಲು ಪ್ರಾಸ ಕಟ್ಟಿ, ಅದರ ಮಡಿಲಲ್ಲಿ ಹೆಸರನ್ನಿಟ್ಟು ಹೊಸ್ತಿಲು ದಾಟಬೇಕು. ಬಸುರಿಯ ಕುಬಸದಲ್ಲಿ, ಕೂಸಿನ ತೊಟ್ಟಿಲು ಕಾರ್ಯದಲ್ಲಿ ಮತ್ತೆ ಇದೇ ಕಾಟ. ಗಂಡಂದಿರೂ ಹೇಳಬೇಕು, ಆದರೆ ಅವರು ಏನು ಒದರಿದರೂ ನಡೆಯುತ್ತದೆ. ಪರೀಕ್ಷೆ ಇರುವುದು ಹೆಣ್ಣಿಗೆ.

ನಾನು ಆಯಿಯನ್ನು ಮೊದಲು ನೋಡಿದ್ದು ಹುಕ್ಕೇರಿ ತಾಲೂಕಿನ ದಡ್ಡಿಯಲ್ಲಿ, ಗೆಳತಿಯೊಬ್ಬಳ ಮದುವೆಯಲ್ಲಿ. ಕೈ ತೊಳೆಯಲು ಹಿತ್ತಲಿಗೆ ಹೋಗಿದ್ದೆ. ಒಳಗೆ ಮದುಮಗಳು “ತೂಗ ಸೇತುವಿಗಿ ನಡುವ ಕಂಬಿಲ್ಲ, ಫಾಲ್ಸಿನ ನೀರಿಗಿ ತಡಿಯಿಲ್ಲ” ಎಂದು ಹೇಳಿ ಅಲ್ಲಿಗೇ ನಿಂತುಬಿಟ್ಟಳು. ಹೆಂಗಸರ ನಗು ಎದ್ದಿತು. ಹಿತ್ತಲಲ್ಲಿ ಬದನೆಕಾಯಿ ಹೆಚ್ಚುತ್ತಿದ್ದ ಮುದುಕಿಯೊಬ್ಬರು ಕತ್ತು ಎತ್ತದೆ, ಈಳಿಗೆಯ ಮುಂದೆಯೇ, ಮೆಲ್ಲಗೆ ಮುಂದಿನ ಸಾಲು ಹೇಳಿದರು: “ಬಸವರಾಜರ ಹೆಸರ ಹೇಳಾಕ ನನಗ ನಾಚಿಕಿಲ್ಲ.”

“ಒಳಗ ಹೋಗಿ ಹೇಳಿಕೊಡ್ರಿ ಆಕಿಗಿ,” ಎಂದೆ.

“ನನಗ ಅಲ್ಲಿ ಕೆಲಸಿಲ್ಲವಾ. ಒಳಗ ನನ್ನ ಒಡಪು ಐತಿ, ಹೊರಗ ನಾ ಇದ್ದೀನಿ. ಬರೋಬ್ಬರಿ ಆತು.”

ಅವರ ಹಣೆಯ ಮೇಲೆ ವಿಭೂತಿಯಷ್ಟೇ ಇತ್ತು. ಮದುವೆಯಾದ ನಾಲ್ಕನೆಯ ವರ್ಷಕ್ಕೆ ಗಂಡನನ್ನು ಕಳೆದುಕೊಂಡವರು. ಹರೆಯದಲ್ಲಿ ಫಾಲ್ಸಿನ ಗಿರಣಿಯಲ್ಲಿ ಕಡಿದ ಎಳೆ ಜೋಡಿಸುವ ಕೆಲಸ ಮಾಡಿದ್ದರು. ಆಗಿನಿಂದಲೂ ಒಡಪು ಕಟ್ಟುತ್ತಿದ್ದರಂತೆ. ಬೇಕಾದವರು ಅವರ ಬಳಿಗೆ ಬರುತ್ತಿರಲಿಲ್ಲ, ಬಾಜೂ ಮನೆಯ ಮುತ್ತೈದೆಯ ಬಳಿಗೆ ಬರುತ್ತಿದ್ದರು. ಆಕೆ ಹಿಂದಿನ ಬಾಗಿಲಿನಿಂದ ಇವರನ್ನು ಕೇಳಿ, ಮುಂದಿನ ಬಾಗಿಲಿನಿಂದ ಕೊಡುತ್ತಿದ್ದಳು. ಒಡಪು ಯಾರದೆಂದು ಊರಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಎಂಥ ವ್ಯವಸ್ಥೆ ನೋಡಿ! ಶರಣರ ಜಯಂತಿಯ ವೇದಿಕೆಯಲ್ಲಿ ನಾವು ಆಡುವ ಮಾತುಗಳನ್ನು ಮಂಟಪದ ಹಿತ್ತಲಿಗೆ ಒಯ್ದು ಇಟ್ಟರೆ ಏನಾಗುತ್ತದೆ ಎಂಬುದರ ಮೇಲೆ ನಾನು ಹತ್ತು ನಿಮಿಷ ಮಾತಾಡಬಲ್ಲೆ. ಆಡಿದ್ದೇನೆ ಕೂಡ, ಬಹುಮಾನವೂ ಬಂದಿದೆ.

ಹೌದು, ಅದು ನನ್ನ ವಿದ್ಯೆ. ಕಾಲೇಜಿನ ಮೂರು ವರ್ಷ ಚರ್ಚಾಸ್ಪರ್ಧೆಯ ಬೆನ್ನು ಹತ್ತಿದವಳು ನಾನು. ಚೀಟಿ ಎತ್ತಿದಾಗ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಎದುರಿನವರ ಮಾತಿನಲ್ಲಿ ಸಡಿಲಾದ ಮೊಳೆ ಎಲ್ಲಿದೆ ಎಂದು ಹುಡುಕುವ ಚಟ ಮನೆಗೂ ಬಂದಿತ್ತು. “ನಿನ್ನ ಲಗ್ನದಾಗ ಅಕ್ಕಿಕಾಳ ಒಗದವ್ರಿಗೂ ಪ್ರತಿವಾದ ಮಾಡ್ತಿ ನೀ,” ಎಂದು ಕಾಕಾ ಬೈಯುತ್ತಿದ್ದ. ಗೋಕಾಕದ ಪೇಟೆಯಲ್ಲಿ ಅವನದು ಲಗ್ನಪತ್ರಿಕೆಯ ಅಂಗಡಿ. ಡಿಗ್ರಿ ಮುಗಿದ ಮೇಲೆ ನಾನು ಅಲ್ಲಿ ಕುಳಿತೆ. ಪತ್ರಿಕೆಯ ಜೊತೆಗೆ ಒಡಪಿನ ಪಾಕೀಟು ಮಾರುವ ಯೋಚನೆ ನನ್ನದೇ. ಹತ್ತು ಕಾರ್ಡು, ಹತ್ತು ಒಡಪು, ಆ ಮದುಮಗಳಿಗೆಂದೇ ಕಟ್ಟಿದ್ದು. ದಡ್ಡಿಯ ಹಿತ್ತಲಲ್ಲಿ ಸಿಕ್ಕ ಆಯಿಯ ವಿಳಾಸವನ್ನು ನಾನು ಬಿಟ್ಟಿರಲಿಲ್ಲ.

ಅವರು ಕೆಲಸ ಮಾಡುವ ರೀತಿಯೇ ಬೇರೆ. ಮದುಮಗನ ಹೆಸರನ್ನು ಕಟ್ಟಕಡೆಗೆ ಕೇಳುತ್ತಿದ್ದರು. ಮೊದಲ ಪ್ರಶ್ನೆ ಯಾವಾಗಲೂ ಒಂದೇ: “ಉಣ್ಣಾಕ ಕುಂತ್ರ ತಾಟಿನಾಗ ಮೊದಲ ಏನ ಮುಟ್ತಾನವಾ?” ನಾನು ಹುಡುಗಿಗೆ ಫೋನು ಮಾಡಿ ಕೇಳಬೇಕು. ಕೆಲವರು ನಾಚಿ ಹೇಳುತ್ತಿದ್ದರು, ಕೆಲವರು ಗೊತ್ತಿಲ್ಲ ಅನ್ನುತ್ತಿದ್ದರು. ಗೊತ್ತಿಲ್ಲ ಎಂದರೆ ಆಯಿಯ ಉತ್ತರವೂ ಒಂದೇ: “ಹಂಗಾರ ನೋಡಿ ಬಾ ಅನ್ನು. ಲಗ್ನಕ್ಕ ಇನ್ನೂ ಎಂಟ ದಿನ ಐತಿ.” ಆಮೇಲೆ, ಸಿಟ್ಟು ಬಂದರೆ ಎದ್ದು ಹೊರಗೆ ಹೋಗುವವನೋ, ಕುಂತಲ್ಲೇ ಕುಂತಿರುವವನೋ? ಇಷ್ಟು ತಿಳಿದ ಮೇಲೆ ಕಣ್ಣು ಮುಚ್ಚಿ, ಬಲಗೈಯ ಹೆಬ್ಬೆರಳು ತೋರುಬೆರಳುಗಳನ್ನು ಒಂದಕ್ಕೊಂದು ಉಜ್ಜತೊಡಗುತ್ತಿದ್ದರು, ಗಿರಣಿಯಲ್ಲಿ ಎಳೆ ಜೋಡಿಸುವಾಗಿನ ಹಾಗೆ. ಬೆರಳು ನಿಂತಿತೆಂದರೆ ಒಡಪು ಸಿದ್ಧ. ಕಬ್ಬು ಸಾಗಿಸುವ ಹುಡುಗನನ್ನು ಮದುವೆಯಾಗುವವಳಿಗೆ ಅವರು ಕಟ್ಟಿಕೊಟ್ಟದ್ದು:

“ಕಬ್ಬಿನ ಟ್ರ್ಯಾಕ್ಟರ್ ಹಾದ್ಯಾಗ ನಿಂತೈತಿ, ಕೀಲಿ ಎಲ್ಲೈತಿ?
ಕೀಲಿ ನನ್ನ ಕೈಯಾಗೈತಿ, ಮಂಜುನಾಥರ ಹೆಸರ ಬಾಯಾಗೈತಿ.”

ನಾನು ಬರೆದುಕೊಂಡು ಎದ್ದರೆ “ಉಂಡ ಹೋಗವಾ, ರೊಟ್ಟಿ ಬಿಸಿ ಅದಾವು” ಅನ್ನುವರು. “ಬಸ್ಸ ಬಂತ್ರಿ ಆಯಿ,” ಎಂದು ನಾನು ಓಡುವೆ.

ಒಂದು ವರ್ಷ ಹೀಗೆ ನಡೆಯಿತು. ಆಮೇಲೆ ಗಿರಾಕಿಗಳು ಕಡಿಮೆಯಾದರು. ಫೋನಿಗೆ ಕೇಳಿದರೆ ಪುಕ್ಕಟೆ ಒಡಪು ಬರುತ್ತದೆಯಲ್ಲ! ನಾನೂ ಕೇಳಿ ನೋಡಿದೆ, ಬಂದದ್ದನ್ನು ಎಲ್ಲಿಯದೆಂದು ಹೇಳದೆ ಆಯಿಗೆ ಓದಿ ತೋರಿಸಿದೆ: “ಮಲ್ಲಿಗೆ ಹೂವಿನಂತೆ ನಮ್ಮ ಪ್ರೀತಿ, ಸೂರ್ಯ ಚಂದ್ರರಂತೆ ನಮ್ಮ ರೀತಿ, ವಿನಾಯಕರ ಹೆಸರೇ ನನ್ನ ಬಾಳಿನ ಸ್ಫೂರ್ತಿ.”

ಅವರು ಗಂಭೀರವಾಗಿ ಕೇಳಿದರು. “ಛಲೋ ಐತಿ. ಪ್ರಾಸ ಎಲ್ಲೂ ತಪ್ಪಿಲ್ಲ. ಆದ್ರ ಇದನ್ನ ಯಾರ ಗಂಡಗಾದ್ರೂ ಹೇಳಬಹುದಲ್ಲವಾ?”

ಅವತ್ತೇ ನನಗೆ ಪಾಕೀಟಿನ ಮೇಲಿನ ಆ ಚೀಟಿ ಹೊಳೆದದ್ದು. ಬೆಲ್ಲದ ಡಬ್ಬಿಯ ಮೇಲೆ ‘ಕೆಮಿಕಲ್ ಇಲ್ಲ’ ಅಂತ ಹಾಕುತ್ತಾರೆ, ನಾವು ‘ಎಐ ಇಲ್ಲ’ ಅಂತ ಹಾಕೋಣ. ಎಂಟು ದಿನದ ಮೇಲೆ ಕಟ್ಟೆಯಲ್ಲಿ, ಮೊದಲಿಗೆ ಹೇಳಿದ ಆ ನಗೆಯೆಲ್ಲ ಮುಗಿದ ಮೇಲೆ ಆಯಿ ಹೇಳಿದರು, “ಹಂಗಾರ ನೀ ‘ಇಲ್ಲ’ ಮಾರಾಕತ್ತಿ. ‘ಐತಿ’ ಅನ್ನೂದನ್ನ ಯಾವಾಗ ಮಾರತಿ?”

ಈ ಮಾತು ನನ್ನನ್ನು ಕೊರೆಯಿತು. ಯಾಕೆಂದರೆ ಸಡಿಲು ಮೊಳೆ ಅಲ್ಲೇ ಇತ್ತು. ಇಲ್ಲದ್ದನ್ನು ಇಲ್ಲ ಎಂದು ತೋರಿಸುವುದು ಹೇಗೆ? ನಾನೇ ಎದುರು ಪಕ್ಷದಲ್ಲಿದ್ದರೆ ಆ ಚೀಟಿಯನ್ನು ಎರಡು ನಿಮಿಷದಲ್ಲಿ ಹರಿದು ಕೈಗೆ ಕೊಡುತ್ತಿದ್ದೆ. ಮಷೀನು ಬರೆದದ್ದಲ್ಲ ಅನ್ನುತ್ತೀರಿ, ಸರಿ, ಮತ್ತೆ ಯಾರು ಬರೆದರು, ತೋರಿಸಿ. ಉತ್ತರ ಕಟ್ಟೆಯ ಮೇಲೆ ನನ್ನ ಮುಂದೆಯೇ ಕುಳಿತಿತ್ತು. ಪಾಕೀಟಿನ ಮೇಲೆ ಆಯಿಯ ಫೋಟೋ ಹಾಕೋಣ ಎಂದೆ.

ಅವರು ಒಪ್ಪಲು ಎರಡು ವಾರ ಹಿಡಿಯಿತು. ಫೋಟೋ ತೆಗೆಯುವ ದಿನ ತಲೆ ತೊಳೆದು, ಬೂದಿ ಬಣ್ಣದ ಇಳಕಲ್ಲ ಸೀರೆ ಉಟ್ಟು ಕುಳಿತಿದ್ದರು. ನಾನು ಫೋನು ಎತ್ತಿದಾಗ ಕೈ ಅಡ್ಡ ಹಿಡಿದರು.

“ಹಣಿ ಹಿಂಗ ನಡೀತೈತೇನವಾ?”

ಯಾಕೆ ನಡೆಯುವುದಿಲ್ಲ ಎಂದು ನಾನು ಶುರು ಮಾಡಿದೆ. ಬಸವಣ್ಣನಿಂದ ಹಿಡಿದು ಸಂವಿಧಾನದವರೆಗೆ ಎಲ್ಲರನ್ನೂ ಆ ಕಟ್ಟೆಗೆ ಕರೆತಂದೆ. ಆಯಿ ಪೂರ್ತಿ ಕೇಳಿದರು.

“ಇಷ್ಟೆಲ್ಲ ಮಾತಾಡಾಕತ್ತಿ ಅಂದ್ರ ನಿನಗೂ ಸಂಶೇ ಐತಿ,” ಎಂದರು. “ಇರ್ಲಿ ತಗಿ. ನೀ ಹೇಳ್ತಿ ಅಂದ್ರ ಆತು.”

ನೀ ಹೇಳ್ತಿ ಅಂದ್ರ ಆತು. ಇದನ್ನು ಓದುಗರು ನೆನಪಿಡಬೇಕು. ನಾನಂತೂ ಮರೆಯುವ ಹಾಗಿಲ್ಲ.

ಹೆಸರು ಕೇಳಿದಾಗ ಅವರು ಗೋಡೆಯ ಮಾಡದಲ್ಲಿದ್ದ ಆಧಾರ್ ಕಾರ್ಡು ತಂದು ನನ್ನ ಮುಂದೆ ಸರಿಸಿದರು. ನಮ್ಮಲ್ಲಿ ಹೆಂಗಸಿನ ಹೆಸರಿನ ನಡುವೆ ಗಂಡನ ಹೆಸರು ಬರುತ್ತದೆ. ಆ ನಡುವಿನ ಹೆಸರಿನ ಕೆಳಗೆ ಬೆರಳಿಟ್ಟು, “ನೀನ ಓದಿಕೋ,” ಎಂದರು. ಅವರು ಹೊಸ ಮದುಮಗಳಾಗಿ ಹೊಸ್ತಿಲಲ್ಲಿ ನಿಂತಾಗ ಏನು ಒಡಪು ಹೇಳಿದ್ದರು ಎಂದು ಕೇಳಿದೆ. “ನನಗ ಬರಲೇ ಇಲ್ಲ. ಭಾಳ ಹೊತ್ತ ನಿಂದ್ರಿಸಿದ್ರು. ಕಡೀಕ ಅವ್ವಾರ, ನಮ್ಮ ಅತ್ತೀನ, ಕರುಣಾ ಬಂದು ಒಳಗ ಬಿಟ್ರು.” ಇನ್ನಷ್ಟು ಕೇಳಬೇಕಿತ್ತು. ಬಸ್ಸು ಬಂತು.

ಪಾಕೀಟು ಚೆನ್ನಾಗಿ ಬಂದಿತ್ತು. ಮೇಲೆ ‘ಎಐ ಇಲ್ಲದ ಒಡಪು’, ಕೆಳಗೆ ಆಯಿಯ ನಗುಮುಖ, ಅದರ ಕೆಳಗೆ ‘ಇವರು ಕಟ್ಟಿದ್ದು’. ಹೆಸರನ್ನು ಮಾತ್ರ ಅವರು ಬೇಡವೆಂದರು. ಗೋಕಾಕದಲ್ಲಿ, ಮೂಡಲಗಿಯಲ್ಲಿ, ಹುಕ್ಕೇರಿಯಲ್ಲಿ ಜನ ಕೇಳಿ ಕೇಳಿ ಒಯ್ದರು. ಫೋನಿನ ಪುಕ್ಕಟೆ ಮಾತಿನಿಂದ ಬೇಸತ್ತಿದ್ದರೋ, ಅಥವಾ ‘ಇಲ್ಲ’ ಎಂಬ ಶಬ್ದಕ್ಕೆ ಈಗ ಒಂದು ಮರ್ಯಾದೆ ಬಂದಿದೆಯೋ, ನನಗೆ ತಿಳಿಯದು. ಆಯಿ ಒಂದು ಪಾಕೀಟನ್ನು ಮಾಡದಲ್ಲಿ ದೇವರ ಬಾಜೂ ಇಟ್ಟುಕೊಂಡರು. ಬಂದವರಿಗೆಲ್ಲ ತೋರಿಸುತ್ತಿದ್ದರು. “ಈಗ ಒಡಪಿನ ಜೋಡಿ ನಾನೂ ಒಳಗ ಹೋಗಾಕತ್ತೇನಿ,” ಅನ್ನುತ್ತಿದ್ದರು.

ಎರಡೇ ತಿಂಗಳು. ಆಮೇಲೆ ಹುಕ್ಕೇರಿಯ ಹೆಂಗಸೊಬ್ಬರು ಅಂಗಡಿಗೆ ಬಂದರು. ಮದುಮಗಳ ತಾಯಿ. ಜಗಳಕ್ಕೆ ಬಂದವರಲ್ಲ, ಅದೇ ಕಷ್ಟ. ಪಾಕೀಟನ್ನು ಮೇಜಿನ ಮೇಲೆ ಬೋರಲು ಇಟ್ಟರು.

“ಒಡಪು ಭಾಳ ಛಲೋ ಅದಾವ್ರಿ. ನಮ್ಮ ಹುಡುಗಿ ಓದಿ ಓದಿ ನಗಾಕತ್ತಾಳ. ಆದ್ರ ಈ ಫೋಟೋ ಬ್ಯಾಡ್ರಿ. ಬೀಗರ ಕಡೆಯವ್ರು ನೋಡಿ ಒಂದ ನಮೂನಿ ಮಾಡಿದ್ರು.”

“ಯಾಕ್ರಿ? ಒಡಪು ಕಟ್ಟಿದವರ ಅವರ ಅದಾರ.”

“ಇರ್ಲ್ರಿ. ಆದ್ರ ಮುತ್ತೈದಿ ಬಾಯಾಗ ಮೊದಲನೇ ಸಲ ಗಂಡನ ಹೆಸರ ಬರೋದು. ಅದನ್ನ ಗಂಡ ಇಲ್ಲದಾಕಿ ಕೈಲೆ ಇಸಗೊಳ್ಳೂದಂದ್ರ...”

ನಾನು ಬಾಣ ಹೂಡಿದೆ. “ಮಷೀನ ಬರದ ಒಡಪು ತಗೊಂಡಿದ್ರ ನಡೀತಿತ್ತೇನ್ರಿ?”

“ನಡೀತಿತ್ತಲ್ರಿ,” ಎಂದರು ಆಕೆ, ಬಹಳ ಸಹಜವಾಗಿ. “ಮಷೀನಿಗಿ ಗಂಡ ಸತ್ತಿರಾಂಗಿಲ್ಲಲ್ರಿ.”

ನನ್ನ ಬತ್ತಳಿಕೆಯಲ್ಲಿ ಉತ್ತರಗಳಿದ್ದವು. ಅನ್ಯಾಯ ಎನ್ನಬಹುದಿತ್ತು, ಮೂಢನಂಬಿಕೆ ಎನ್ನಬಹುದಿತ್ತು. ನನ್ನ ಬಾಯಿ ಕಟ್ಟಿದ್ದು ಬೇರೆ ಕಾರಣಕ್ಕೆ. ಮನುಷ್ಯರು ಮಾಡಿದ್ದು ಎಂದು ಡಂಗುರ ಹೊಡೆದವಳು ನಾನು. ಹಾಗಾದರೆ ಯಾವ ಮನುಷ್ಯರು ಎಂದು ಕೇಳುವ ಬಾಗಿಲನ್ನೂ ನಾನೇ ತೆರೆದಿದ್ದೆ. ಬಾಜೂ ಮನೆಯ ಮುತ್ತೈದೆಯ ಮರೆಯಲ್ಲಿ ಆಯಿ ಅಷ್ಟು ವರ್ಷ ಸುರಕ್ಷಿತವಾಗಿದ್ದರು. ಆ ಮರೆಯನ್ನು ಕಿತ್ತು, ಅವರ ಹಣೆಯನ್ನು ಪೇಟೆಗೆ ತಂದು ನಿಲ್ಲಿಸಿದ್ದು ನನ್ನ ಚೀಟಿ.

ಆಕೆ ಹೋದ ಮೇಲೆ ಕಾಕಾ ಹೇಳಿದ, “ಫೋಟೋ ತಗಿ. ಅವರ ಬಳಗ ಹುಕ್ಕೇರಿ ತುಂಬ ಐತಿ.”

“ಖಾಲಿ ಬಿಡ್ಲ್ಯಾ?”

“ಖಾಲಿ ಬಿಟ್ರ ಯಾಕ ಖಾಲಿ ಅಂತ ಕೇಳ್ತಾರ. ಒಬ್ಬಾಕಿ ಮುತ್ತೈದಿ ಫೋಟೋ ಹಾಕು. ಯಾರದರ.”

ಯಾರದಾದರೂ ಎಂದರೆ ಯಾರದು? ಯಾವ ಹೆಂಗಸು ತಾನು ಕಟ್ಟದ ಒಡಪಿಗೆ ಮುಖ ಕೊಟ್ಟಾಳು? ಕೊಟ್ಟವಳು ಕೇಳುವುದಿಲ್ಲವೇ? ಆಗ ನಾನು ಫೋನು ಕೈಗೆತ್ತಿಕೊಂಡೆ. ಅರವತ್ತು ವರ್ಷದ ಹಳ್ಳಿಯ ಮುತ್ತೈದೆ, ಹಸಿರು ಸೀರೆ, ಹಣೆ ತುಂಬ ಕುಂಕುಮ, ಕೈ ತುಂಬ ಹಸಿರು ಬಳೆ, ನಗುಮುಖ ಎಂದು ಬರೆದೆ. ಬೆರಳು ಎತ್ತುವುದರೊಳಗೆ ಬಂದಳು. ಚಂದ ಇದ್ದಳು. ‘ಎಐ ಇಲ್ಲದ ಒಡಪು’ ಎಂಬ ಅಕ್ಷರಗಳ ಕೆಳಗೆ, ‘ಇವರು ಕಟ್ಟಿದ್ದು’ ಎಂಬ ಮಾತಿನ ಮೇಲೆ, ಎಐ ಮಾಡಿದ ಆ ಹೆಂಗಸನ್ನು ನಾನೇ ಕೂಡಿಸಿದೆ. ಕಾಕಾನ ತಲೆಗೆ ಕಟ್ಟುವುದಿಲ್ಲ. ಕೈ ನನ್ನದು.

ಆಯಿಗೆ ಹೇಳಲಿಲ್ಲ. ಹೇಳುವ ಅಗತ್ಯವಿಲ್ಲ ಎಂದು ನನಗೆ ನಾನೇ ಒಪ್ಪಿಸಿದೆ. ಎದುರು ಪಕ್ಷ ಇಲ್ಲದ ವಾದದಲ್ಲಿ ನಾನು ಯಾವತ್ತೂ ಸೋತಿಲ್ಲ.

ಮೂಡಲಗಿಯ ಒಂದು ಮದುವೆಯ ಒಡಪು ಬರೆದುಕೊಳ್ಳಲು ಫಾಲ್ಸಿಗೆ ಹೋದ ದಿನ ಅವರ ಮಡಿಲಲ್ಲಿ ಹೊಸ ಪಾಕೀಟು ಇತ್ತು. ಚಾಳಿನ ಯಾರೋ ಯಾವುದೋ ಮದುವೆಯಿಂದ ತಂದುಕೊಟ್ಟಿದ್ದರು. ಅವರು ಸಿಟ್ಟಾಗಿರಲಿಲ್ಲ. ಅದನ್ನು ಕಣ್ಣಿನ ಹತ್ತಿರ ಹಿಡಿದು, ಎಳೆ ಎಲ್ಲಿ ಕಡಿದಿದೆ ಎಂದು ನೋಡುವವರ ಹಾಗೆ ನೋಡುತ್ತಿದ್ದರು.

“ಈಕಿ ಯಾರವಾ?”

“ಯಾರೂ ಅಲ್ರಿ ಆಯಿ.”

“ಯಾರೂ ಅಲ್ಲದಾಕಿಗಿ ಇಷ್ಟ ಬಳಿ ಇಟ್ಟೀರಿ?”

ನಾನು ಹುಕ್ಕೇರಿಯ ಕಥೆ ಹೇಳಿದೆ. ಫೋನು ಮಾಡಿಕೊಟ್ಟ ಮುಖ ಇದು ಎಂದೂ ಹೇಳಿದೆ. ಹೇಳಿ ಅಲ್ಲಿಗೆ ನಿಲ್ಲಿಸಿದ್ದರೆ ಇವತ್ತು ಇದನ್ನು ಬರೆಯುತ್ತಿರಲಿಲ್ಲವೇನೋ. ನಿಲ್ಲಿಸಲಿಲ್ಲ. ವಾದ ಮಾಡಿದೆ. ಚೀಟಿಯ ಮೇಲೆ ‘ಎಐ ಇಲ್ಲದ ಒಡಪು’ ಎಂದಿದೆ, ‘ಎಐ ಇಲ್ಲದ ಫೋಟೋ’ ಎಂದಿಲ್ಲ, ಆದ್ದರಿಂದ ಸುಳ್ಳು ಎಲ್ಲೂ ಇಲ್ಲ ಎಂದೆ. ಒಡಪು ಒಳಗೆ ಹೋಗುವುದು ಮುಖ್ಯ, ಮುಖ ಮುಖ್ಯವಲ್ಲ ಎಂದೆ. ಮೊದಲೂ ಬಾಜೂ ಮನೆಯ ಮುತ್ತೈದೆಯ ಕೈಯಿಂದಲೇ ಹೋಗುತ್ತಿತ್ತಲ್ಲ, ಇವಳೂ ಹಾಗೆಯೇ ಅಂದುಕೊಳ್ಳಿ ಎಂದೆ.

ಆಯಿ ಕೇಳುತ್ತಲೇ ಇದ್ದರು. ಬೆರಳು ಮಾತ್ರ ಆ ಚಿತ್ರದ ಎಡಗೈಯ ಮೇಲೆ ನಿಂತಿತ್ತು.

“ನೋಡಿಲ್ಲಿ. ಈಕಿ ಬಳಿ ಎರಡ ಮಾಂಸದಾಗ ಹೋಗ್ಯಾವು. ನೋವ ಆಗಾಂಗಿಲ್ಲೇನ ಈಕಿಗಿ?”

ಬಗ್ಗಿ ನೋಡಿದೆ. ಹೌದು. ಎರಡು ಬಳೆಗಳು ಮಣಿಕಟ್ಟಿನ ಚರ್ಮದೊಳಕ್ಕೆ ಇಳಿದು ಆಚೆ ಬದಿ ಹೊರಬಂದಿದ್ದವು. ಅಷ್ಟು ಜನ ನೋಡಿದ್ದರು, ನಾನು ದಿನಾ ನೋಡಿದ್ದೆ, ಯಾರಿಗೂ ಕಂಡಿರಲಿಲ್ಲ.

“ಬಾಜೂ ಮನಿಯಾಕಿ ಇದ್ದಾಗ ನಾ ಮರಿಗಿ ಇದ್ದೆ ಖರೆ. ಆದ್ರ ‘ಇವರು ಕಟ್ಟಿದ್ದು’ ಅಂತ ಆಕಿ ಯಾವತ್ತೂ ಅನ್ನಲಿಲ್ಲವಾ.” ಆಮೇಲೆ ಪಾಕೀಟು ಕೆಳಗಿಟ್ಟರು. “ಇರ್ಲಿ. ನೀ ಮಾತಿನಾಗ ಗೆದ್ದಿ ಬಿಡು. ಮೂಡಲಗಿದು ಹೇಳು. ಹುಡುಗ ಮೊದಲ ಏನ ಮುಟ್ತಾನ?”

ಉಳ್ಳಾಗಡ್ಡಿ ಎಂದೆ. ಅವರ ಬೆರಳು ಉಜ್ಜಿಕೊಂಡವು, ನಿಂತವು.

“ತಾಟಿಗಿ ರೊಟ್ಟಿ ಬಿದ್ರ ಸಾಕು, ಕೈ ಹೋಗೂದು ಉಳ್ಳಾಗಡ್ಡಿಗಿ,
ವಿರೂಪಾಕ್ಷರ ಹೆಸರ ಹೇಳೇನಿ, ಬಿಡ್ರವಾ ನನ್ನ ಒಳಗಡಿಗಿ.”

ಹತ್ತೂ ಒಡಪು ಕೊಟ್ಟರು, ಒಂದೂ ಕಡಿಮೆ ಮಾಡದೆ. ಮದುಮಗಳದೇನು ತಪ್ಪು? ನಾನು ಎದ್ದಾಗ ಆ ಪಾಕೀಟನ್ನು ನನ್ನ ಚೀಲಕ್ಕೆ ಹಾಕಿದರು. “ಇನ್ನ ಮ್ಯಾಲೆ ಈಕಿನ್ನ ಕೇಳು.” ಅವತ್ತೂ “ಉಂಡ ಹೋಗ” ಎಂದರು. ಚೀಲದಲ್ಲಿ ಆ ಮುಖ ಹೊತ್ತು ಅವರ ಮುಂದೆ ಕುಳಿತು ಉಣ್ಣುವುದು ಹೇಗೆ? ಬಸ್ಸಿದೆ ಎಂದೆ. ಅವತ್ತು ಬಸ್ಸು ಇರಲಿಲ್ಲ. ನಿಲ್ದಾಣದಲ್ಲಿ ಬಹಳ ಹೊತ್ತು ನಿಂತೆ.

ಮುಂದಿನದು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಬಂದ ಗಿರಾಕಿಗಳನ್ನು ಹಿಂದೆ ಕಳಿಸಲು ಕಾಕಾ ಒಪ್ಪಲಿಲ್ಲ, ನನಗೂ ಧೈರ್ಯವಾಗಲಿಲ್ಲ. ಆಯಿಯ ಹಳೆಯ ಒಡಪುಗಳನ್ನೆಲ್ಲ ಫೋನಿಗೆ ತಿನ್ನಿಸಿ, ಇದೇ ನಮೂನೆಯವು ಹೊಸದಾಗಿ ಬೇಕು ಎಂದೆ. ಕೊಟ್ಟಿತು. ಅದೇ ಚೀಟಿ, ಅದೇ ಹಸಿರು ಸೀರೆ. ನಾಲ್ಕು ಪಾಕೀಟು ಹೀಗೆ ಹೋದವು. ಯಾರಾದರೂ ಕಂಡುಹಿಡಿಯುತ್ತಾರೆ ಎಂದು ಕಾದೆ. ಕಂಡುಹಿಡಿಯಲಿ ಎಂದು ಬಯಸಿದೆನೋ ಏನೋ. ಒಬ್ಬರು ಮಾತ್ರ ವಾಪಸು ಬಂದರು, ಈ ಸಲದವು ಹಿಂದಿನವುಗಳಿಗಿಂತ ಛಲೋ ಇದ್ದವು ಎಂದು ಹೇಳಲು. ಅವರು ಹೋದ ಮೇಲೆ ಉಳಿದ ಪಾಕೀಟುಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದೆ. ಕಾಕಾ ಎಂಟು ದಿನ ಮಾತು ಬಿಟ್ಟ.

ಆಗ ನನಗೆ ಚೀಟಿಯ ಮಾತು ಎತ್ತಿದ ದಿನದ ಆಯಿಯ ನಗು ಅರ್ಥವಾಯಿತು. ಆಯಿ ಇಲ್ಲದ ಒಡಪು. ಕಿವಿ ಮಂದವಾಗಿ ತಪ್ಪು ಕೇಳಿಸಿಕೊಂಡರು ಎಂದು ನಾನು ತಿಳಿದಿದ್ದೆ. ಚೀಟಿಯನ್ನು ಸರಿಯಾಗಿ ಓದಿದವರು ಅವರೊಬ್ಬರೇ.

ಕ್ಷಮೆ ಕೇಳಲು ಒಮ್ಮೆ ಹೋಗಿದ್ದೆ. ಭಾಷಣ ಸಿದ್ಧ ಮಾಡಿಕೊಂಡೇ ಹೋಗಿದ್ದೆ. ಬಾಯಿ ತೆರೆಯಲು ಬಿಡಲಿಲ್ಲ. ಮಳೆಯ ಮಾತು, ನದಿಯ ಮಾತು, ತಮ್ಮ ತಂಗಿಯ ಮೊಣಕಾಲಿನ ಮಾತು. ತಂಗಿಯ ಸಂಸಾರದ ಜೊತೆಗೇ ಅವರು ಇರುತ್ತಿದ್ದದ್ದು. ನಾನು ಮತ್ತೆ ಶುರು ಮಾಡಲು ಹೋದಾಗ ಕಣ್ಣು ಕಿರಿದು ಮಾಡಿ ಕೇಳಿದರು, “ಆಕಿ ಹೆಂಗದಾಳ? ಬಳಿ ತಗಸಿದ್ಯಾ?”

ಮಾಡದಲ್ಲಿ ದೇವರ ಬಾಜೂ ಜಾಗ ಖಾಲಿ ಇತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಆಯಿಯ ತಂಗಿ ಫೋನು ಮಾಡಿದರು. ಎರಡೇ ದಿನದ ಜ್ವರವಂತೆ. ನಾನು ಹೋಗುವುದರೊಳಗೆ ಮಣ್ಣು ಮಾಡಿ ಬಂದಿದ್ದರು. ಚಾಳಿನ ಹೆಂಗಸರು ಕುಳಿತು ಅವರ ಒಡಪುಗಳನ್ನು ನೆನೆಸಿಕೊಂಡು ಅಳುತ್ತಿದ್ದರು, ನಡುನಡುವೆ ನಗುತ್ತಲೂ ಇದ್ದರು. ಅವರ ಗಂಡನ ಹೆಸರಿಗೆ ಅವರೇ ಕಟ್ಟಿದ ಒಡಪು ಇತ್ತೇ ಎಂದು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ.

ಹೋದ ತಿಂಗಳು ಮೂಡಲಗಿಯ ಆ ಮದುಮಗಳ ತಾಯಿ ಅಂಗಡಿಗೆ ಬಂದರು.

“ನಮ್ಮ ಎರಡನೇದಾಕಿ ಲಗ್ನ ಐತ್ರಿ. ಆ ಹಸರ ಶೀರಿ ಆಯಿಯವರ ಕಡಿಂದನ ಒಡಪು ಬೇಕ್ರಿ. ಆ ಉಳ್ಳಾಗಡ್ಡಿ ಒಡಪು ಕೇಳಿ ನಮ್ಮ ಬೀಗತಿ ನಕ್ಕ ನಕ್ಕ ಹೊಸ್ತಿಲದಾಗ ಕುಂತಬಿಟ್ಟಿದ್ಲು.”

“ಆ ಹಸರ ಶೀರಿಯವರನ್ನ ನೋಡೀರೇನ್ರಿ ನೀವು?”

“ನೋಡದ ಏನ್ರಿ? ನಮ್ಮ ಅತ್ತಿ ಊರ ಕಡೆಯವರ ಅದಾರ. ಒಂದ ಲಗ್ನದಾಗ ಬಾಜೂಕ ಕುಂತ ಉಂಡೀವಿ. ಭಾಳ ಛಲೋ ಮನಷ್ಯಾಳು.”

ಆಕೆ ಸುಳ್ಳು ಹೇಳುತ್ತಿರಲಿಲ್ಲ. ಅಂಥ ಮುಖ ಎಲ್ಲ ಮದುವೆಯಲ್ಲೂ ಒಂದು ಇರುತ್ತದೆ. ನಾನು ಡ್ರಾವರಿನಿಂದ ಆಯಿಯ ಫೋಟೋ ತೆಗೆದು ಮೇಜಿನ ಮೇಲೆ ಇಟ್ಟೆ. ವಿಭೂತಿ, ಬೂದಿ ಬಣ್ಣದ ಸೀರೆ, ಆ ನಗು.

“ಇವರ್ಯಾರ್ರಿ?”

“ನಿಮ್ಮ ಉಳ್ಳಾಗಡ್ಡಿ ಒಡಪು ಕಟ್ಟಿದವರು ಇವರು. ಹಸರ ಶೀರಿಯಾಕಿ ಯಾರೂ ಅಲ್ಲ, ನಾನ ಫೋನಿನಾಗ ಮಾಡಿದ್ದೆ. ಇವರು ತೀರಿಕೊಂಡ್ರು.”

ಆಕೆ ನನ್ನನ್ನು ನೋಡಿದರು, ಫೋಟೋ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಹಣೆಯ ಮೇಲೆ ಅವರ ಕಣ್ಣು ನಿಂತದ್ದೂ ಕಂಡಿತು. ಏನು ಅಂದುಕೊಂಡರೋ, ಸೆರಗನ್ನು ಸರಿ ಮಾಡಿಕೊಂಡು ಮೆಲ್ಲಗೆ ಕೇಳಿದರು.

“ಹೆಸರೇನ್ರಿ ಇವರದು?”

ಹೆಸರು ನನಗೆ ಗೊತ್ತು. ಕಾರ್ಡಿನ ಮೇಲೆ ಓದಿದ್ದೆ, ನಡುವಿನ ಹೆಸರಿನ ಸಮೇತ. ಬಾಯಿ ತೆರೆದೆ. ಆ ಹೆಸರನ್ನು ಹಾಗೆ ಬರಿದೇ ಮೇಜಿನ ಮೇಲೆ ಇಡಲು ಆಗಲಿಲ್ಲ. ಎರಡು ಸಾಲು ಬೇಕಿತ್ತು, ಅವರದೇ ಎನ್ನುವಂಥವು, ಇನ್ನಾರಿಗೂ ಹೇಳಲು ಬಾರದಂಥವು. ಫೋನು ಮೇಜಿನ ಮೇಲೆಯೇ ಇತ್ತು. ಕೇಳಿದ್ದರೆ ಕೊಡುತ್ತಿತ್ತು, ಯಾರ ಆಯಿಗಾದರೂ ಹೇಳಬಹುದಾದಂಥದ್ದನ್ನು.

ಈ ಬರಹದಲ್ಲೂ ಅವರ ಹೆಸರಿಲ್ಲದಿರುವುದು ಅದಕ್ಕೇ. ಆವತ್ತಿನಿಂದ ಕಟ್ಟಲು ಕುಳಿತಿದ್ದೇನೆ, ಅವರು ಮಾಡುತ್ತಿದ್ದ ಹಾಗೆಯೇ, ಕಣ್ಣು ಮುಚ್ಚಿ, ಬೆರಳು ಉಜ್ಜಿಕೊಳ್ಳುತ್ತ. ಮೊದಲ ಪ್ರಶ್ನೆಯಲ್ಲೇ ಸಿಕ್ಕಿಬಿದ್ದಿದ್ದೇನೆ. ಉಣ್ಣಲು ಕುಳಿತರೆ ತಾಟಿನಲ್ಲಿ ಮೊದಲು ಏನು ಮುಟ್ಟುತ್ತಿದ್ದರು? ಹಸಿರು ಸೀರೆಯವಳ ಬಾಜೂ ಕುಳಿತು ಉಂಡವರು ಮೂಡಲಗಿಯಲ್ಲಿದ್ದಾರೆ. ಫಾಲ್ಸಿನ ಆ ಕಟ್ಟೆಯಲ್ಲಿ ಆಯಿ ಉಣ್ಣಲು ಕರೆದಾಗಲೆಲ್ಲ ನಾನು ಬಸ್ಸಿಗೆ ಎದ್ದಿದ್ದೆ.

ಗೊತ್ತಿಲ್ಲ ಅಂದವರಿಗೆ ಅವರು ಹೇಳುತ್ತಿದ್ದದ್ದು ಒಂದೇ. ನೋಡಿ ಬಾ.